ಎಂ.ಎಸ್ಸಿ. ಮಾಡಲೋ, ಎಂ.ಎಡ್. ಮಾಡಲೋ? ಮುಂದೆ ಓದಬೇಕೆನ್ನುವ ಗಣಿತ ಶಿಕ್ಷಕರಿಗೆ

ಪ್ರವೇಶದ ಅಧಿಸೂಚನೆಗಳು ಹೊರಬೀಳುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ದನಿಗಳಲ್ಲಿ ಬರುತ್ತದೆ. "ಮೇಡಂ, ಬಿ.ಎಸ್ಸಿ., ಬಿ.ಎಡ್. ಆಗಿದೆ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕನಾಗಿ ಕೆಲಸಕ್ಕೆ ಸೇರಿದ್ದೀನಿ. ಈಗ ಎಂ.ಎಸ್ಸಿ. ಮಾಡ್ಲೋ, ಎಂ.ಎಡ್. ಮಾಡ್ಲೋ?" ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೆಲಸದಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಎಂ.ಎಸ್ಸಿ. ಮುಗಿಸಿದೆ, ಆಮೇಲೆ ರಜೆ ಹಾಕಿ ಧಾರವಾಡದಲ್ಲಿ ಎಂ.ಎಡ್. ಮಾಡಿದೆ, ಮತ್ತೆ ಅದೇ ತರಗತಿಗೆ ಬಂದೆ. ಈಗ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಗಣಿತ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿಯೂ ಹೋಗುತ್ತೇನೆ. ಫೋನಿನಲ್ಲಿ ಅವಸರವಾಗಿ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಯಾವ ಪದವಿ ಎನ್ನುವ ಮುಂಚೆ ಇನ್ನೆರಡು ಪ್ರಶ್ನೆಗಳಿವೆ. ಮುಂದೆ ಯಾವ ಹುದ್ದೆಯಲ್ಲಿರಬೇಕು ಅಂತ ಆಸೆ? ತರಗತಿಯಲ್ಲಿ ಯಾವ ಸಂಗತಿ ನಿಮ್ಮನ್ನು ಬಿಡದೆ ಕಾಡುತ್ತಿದೆ? ಮೊದಲನೆಯದಕ್ಕೆ ಉತ್ತರ ನಿಯಮಗಳಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ನಿಮ್ಮ ಮಕ್ಕಳ ನೋಟ್‌ಬುಕ್ಕುಗಳಲ್ಲೇ ಇದೆ. ಓದು ನಿಜವಾಗಿ ನಮ್ಮ ವೃತ್ತಿಯನ್ನು ತಿದ್ದುವುದು ಎರಡನೆಯ ಪ್ರಶ್ನೆಯ ಮೂಲಕ ಎಂಬುದು ನನ್ನ ಗಟ್ಟಿ ನಂಬಿಕೆ. ಆದರೆ ಹೊಟ್ಟೆಪಾಡಿನ ಮಾತು ಮೊದಲು ಮುಗಿಸೋಣ.

ಯಾವ ಹುದ್ದೆಗೆ ಯಾವ ಪದವಿ

ಪಿಯು ಉಪನ್ಯಾಸಕರಾಗಬೇಕೆಂದರೆ ಬೇಕಾದದ್ದು ಗಣಿತದ ಎಂ.ಎಸ್ಸಿ. ಮತ್ತು ಬಿ.ಎಡ್. ಪ್ರೌಢಶಾಲೆಯಿಂದ ಪಿಯುಗೆ ಬಡ್ತಿಯಲ್ಲಿ ಹೋಗುವವರಿಗೂ ಆ ವಿಷಯದ ಸ್ನಾತಕೋತ್ತರ ಪದವಿ ಬೇಕು. ಇಲ್ಲಿ ಎಂ.ಎಡ್. ಇದ್ದರೂ ಎಂ.ಎಸ್ಸಿ. ಕೊರತೆ ತುಂಬುವುದಿಲ್ಲ. ಕೇಂದ್ರೀಯ ವಿದ್ಯಾಲಯಗಳ ಪಿಜಿಟಿ (ಸ್ನಾತಕೋತ್ತರ ಶಿಕ್ಷಕ) ಹುದ್ದೆಗೂ ಇದೇ ಜೋಡಿ: ವಿಷಯದಲ್ಲಿ ಸ್ನಾತಕೋತ್ತರ, ಜೊತೆಗೆ ಬಿ.ಎಡ್.

ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನಾಶಾಸ್ತ್ರ ಕಲಿಸಬೇಕೆಂದರೆ ಲೆಕ್ಕ ಬೇರೆ. ಶಿಕ್ಷಕರ ಶಿಕ್ಷಣಕ್ಕೆ ನಿಯಮ ಮಾಡುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಗಣಿತದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎಂ.ಎಡ್., ಎರಡರಲ್ಲೂ ಕನಿಷ್ಠ 55 ಪ್ರತಿಶತ ಇರಬೇಕು. ಶಿಕ್ಷಣದಲ್ಲಿ ಎಂ.ಎ. ಮಾಡಿ ಬಿ.ಎಡ್. ಇದ್ದವರಿಗೆ ತತ್ತ್ವಶಾಸ್ತ್ರ, ಸಮಾಜಶಾಸ್ತ್ರದಂಥ ತಳಹದಿಯ ಪತ್ರಿಕೆಗಳನ್ನು ಕಲಿಸುವ ಅವಕಾಶವನ್ನು ಅದೇ ನಿಯಮಾವಳಿ ಕೊಡುತ್ತದೆ, ಗಣಿತ ಬೋಧನೆಯ ಪತ್ರಿಕೆಗೆ ಕೊಡುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಎಂ.ಎ. ಮತ್ತು ಎಂ.ಎಡ್. ಎರಡೂ ಒಂದೇ ಎಂದುಕೊಂಡು ಸೇರುವವರು ಬಹಳ ಮಂದಿ.

ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್ ಬರೆಯುವವರು ಒಂದು ಸಂಗತಿ ನೋಡಿಕೊಳ್ಳಬೇಕು. ಎಂ.ಎಡ್. ಅಥವಾ ಶಿಕ್ಷಣದ ಎಂ.ಎ. ಇದ್ದರೆ ಯುಜಿಸಿ ನೆಟ್‌ನಲ್ಲಿ ಶಿಕ್ಷಣ ವಿಷಯ ತೆಗೆದುಕೊಳ್ಳಬಹುದು. ಎಂ.ಎಸ್ಸಿ. ಗಣಿತದವರ ನೆಟ್ ಸಿಎಸ್‌ಐಆರ್ ಕಡೆಯಿಂದ ನಡೆಯುತ್ತದೆ, ಗಣಿತ ವಿಜ್ಞಾನಗಳು ಎಂಬ ಹೆಸರಿನಲ್ಲಿ. ಎರಡೂ ಪರೀಕ್ಷೆಗಳ ತಯಾರಿ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ.

ದೂರಶಿಕ್ಷಣದ ಎಂ.ಎಸ್ಸಿ. ಆಯ್ದುಕೊಳ್ಳುವವರು ಪದವಿಯ ಪೂರ್ತಿ ಹೆಸರನ್ನು ಓದಬೇಕು. ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಎಂ.ಎಸ್ಸಿ.ಯ ಹೆಸರಿನಲ್ಲಿ ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನದ ಅನ್ವಯಗಳೂ ಸೇರಿವೆ. ಅದು ಒಳ್ಳೆಯ ಕೋರ್ಸ್. ಆದರೆ ನಿಮ್ಮ ಹುದ್ದೆಯ ಅಧಿಸೂಚನೆ ಕೇಳುವ ಹೆಸರಿಗೆ ಅದು ಸಮಾನವೇ ಎಂಬುದನ್ನು ಸೇರುವ ಮುಂಚೆಯೇ ಲಿಖಿತವಾಗಿ ಕೇಳಿಕೊಳ್ಳಿ. ದಾಖಲೆ ಪರಿಶೀಲನೆಯ ಕೌಂಟರಿನಲ್ಲಿ ನಿಂತು ಕೇಳುವ ಪ್ರಶ್ನೆಯಲ್ಲ ಅದು. ಆ ವಿಶ್ವವಿದ್ಯಾಲಯಕ್ಕೆ ಆ ಕೋರ್ಸಿಗಾಗಿ ಯುಜಿಸಿಯ ದೂರಶಿಕ್ಷಣ ಮಾನ್ಯತೆ ನೀವು ಸೇರುವ ವರ್ಷದಲ್ಲಿ ಇದೆಯೇ ಎಂಬುದನ್ನೂ ಯುಜಿಸಿ ಜಾಲತಾಣದಲ್ಲೇ ನೋಡಿ, ಆ ಪುಟದ ಪ್ರತಿ ತೆಗೆದಿಟ್ಟುಕೊಳ್ಳಿ.

ಸಂಬಳದ ವಿಚಾರ. ಅಮೆರಿಕದ ಅನೇಕ ಕಡೆ ಮಾಸ್ಟರ್ಸ್ ಪದವಿ ಬಂದ ಕೂಡಲೇ ಶಿಕ್ಷಕರ ವೇತನ ಶ್ರೇಣಿ ಏರುತ್ತದೆ. ನಮ್ಮಲ್ಲಿ ಹೆಚ್ಚಿನ ವ್ಯತ್ಯಾಸ ಬರುವುದು ಹುದ್ದೆ ಬದಲಾದಾಗ. ಹಾಗಾಗಿ ಸಂಬಳ ಏರುತ್ತದೆಂಬ ಒಂದೇ ಲೆಕ್ಕದಲ್ಲಿ ಎಂ.ಎಡ್.ಗೆ ಸೇರಬೇಡಿ.

ಒಂದು ಸಣ್ಣ ಪರೀಕ್ಷೆ, ನಿಮಗೆ ನೀವೇ

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಒಂದು ಹಾಳೆ ತೆಗೆದುಕೊಳ್ಳಿ. 1¾ ÷ ½ ಎಂಬ ಲೆಕ್ಕ ಮಾಡಿ. ಉತ್ತರ 3½, ಎಲ್ಲರಿಗೂ ಬರುತ್ತದೆ. ಈಗ ಈ ಲೆಕ್ಕಕ್ಕೆ ಹೊಂದುವ ಒಂದು ಕಥೆ ಬರೆಯಿರಿ, ಐದನೇ ತರಗತಿಯ ಮಗುವಿಗೆ ತಿಳಿಯುವಂಥದ್ದು.

ತರಬೇತಿಗಳಲ್ಲಿ ಇದನ್ನು ಕೊಟ್ಟಾಗ ಬರುವ ಕಥೆಗಳಲ್ಲಿ ಹೆಚ್ಚಿನವು "ಒಂದೂಮುಕ್ಕಾಲು ಹೋಳಿಗೆಯನ್ನು ಇಬ್ಬರಿಗೆ ಸಮನಾಗಿ ಹಂಚಿದರೆ" ಎಂಬ ಧಾಟಿಯವು. ಅದು ಎರಡರಿಂದ ಭಾಗಿಸುವುದು, ಅರ್ಧದಿಂದಲ್ಲ. ಸರಿಯಾದ ಕಥೆ ಹೀಗಿರಬಹುದು: ಒಂದೂಮುಕ್ಕಾಲು ಲೀಟರ್ ಎಣ್ಣೆ ಇದೆ, ಅರ್ಧ ಲೀಟರಿನ ಬಾಟಲಿ ಎಷ್ಟು ತುಂಬುತ್ತವೆ? ಮೂರು ಬಾಟಲಿ ತುಂಬಿ ಕಾಲು ಲೀಟರ್ ಉಳಿಯುತ್ತದೆ. ಆಗ ಮಗು ಕೇಳುತ್ತದೆ: "ಉಳಿದದ್ದು ಕಾಲು, ಹಂಗಾರ ಉತ್ತರ ಮೂರೂಕಾಲು ಅಲ್ಲೇನ್ರೀ? ಮೂರೂವರೆ ಹೆಂಗಾತು?" ಉಳಿದದ್ದು ಕಾಲು ಲೀಟರ್, ಆದರೆ ಅದು ಅರ್ಧ ಬಾಟಲಿ. ಅಳೆಯುವ ಮಾನ ಲೀಟರಿನಿಂದ ಬಾಟಲಿಗೆ ಬದಲಾಗಿದೆ. ಭಿನ್ನರಾಶಿಯ ಭಾಗಾಕಾರದ ಜೀವಾಳವೇ ಅಲ್ಲಿದೆ. "ತಲೆಕೆಳಗು ಮಾಡಿ ಗುಣಿಸು" ಎನ್ನುವ ಸೂತ್ರ ಇದನ್ನು ಎಂದೂ ತೋರಿಸುವುದಿಲ್ಲ.

ಇದು ನನ್ನ ಸ್ವಂತ ಪ್ರಶ್ನೆಯಲ್ಲ. ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಹೋಲಿಸಿ 1999ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಕೇಳಿದ್ದು. ಲೆಕ್ಕ ಮಾಡಲು ಕೂತ ಅಮೆರಿಕದ 21 ಶಿಕ್ಷಕರಲ್ಲಿ ಪೂರ್ತಿ ಸರಿ ಉತ್ತರ ಮುಟ್ಟಿದವರು 9 ಮಂದಿ. ಚೀನಾದ 72 ಶಿಕ್ಷಕರಿಗೂ ಉತ್ತರ ಬಂತು, ಅವರಲ್ಲಿ ಹೆಚ್ಚಿನವರಿಗೆ ಸರಿಯಾದ ಕಥೆಯೂ ಹೊಳೆಯಿತು. ಗಮನಿಸಬೇಕಾದದ್ದು ಮುಂದಿನ ಮಾತು: ಪದವಿ ಇದ್ದವರು ಅಮೆರಿಕದವರು. ಚೀನಾದ ಆ ಶಿಕ್ಷಕರು ಒಂಬತ್ತನೇ ತರಗತಿಯ ಮೇಲೆ ಎರಡು ಮೂರು ವರ್ಷ ಶಿಕ್ಷಕರ ತರಬೇತಿ ಶಾಲೆಯಲ್ಲಿ ಓದಿದ್ದವರು. ಪಠ್ಯಪುಸ್ತಕವನ್ನು ಸಹೋದ್ಯೋಗಿಗಳ ಜೊತೆ ಕೂತು ವರ್ಷಗಟ್ಟಲೆ ಬಿಡಿಸಿ ಓದಿ ಅವರು ಆ ತಿಳಿವಳಿಕೆಗೆ ಬಂದಿದ್ದರು.

ಹಾಗಾದರೆ ಪದವಿ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಗಣಿತಕ್ಕೆ ಇರುವುದೇ ಒಬ್ಬರು. ಕೂತು ಮಾತಾಡಲು ಪಕ್ಕದಲ್ಲಿ ಇನ್ನೊಬ್ಬ ಗಣಿತ ಶಿಕ್ಷಕರಿಲ್ಲ. ಒಳ್ಳೆಯ ಸ್ನಾತಕೋತ್ತರ ಕೋರ್ಸ್ ನಮಗೆ ಕೊಡುವುದು ಆ ಸಹವಾಸವನ್ನು, ಜೊತೆಗೆ ಬೇರೆಯವರು ಈಗಾಗಲೇ ಮಕ್ಕಳ ಬಳಿ ಕೇಳಿ ಬರೆದಿಟ್ಟದ್ದನ್ನು ಓದುವ ಬಿಡುವನ್ನು.

ಎಂ.ಎಸ್ಸಿ. ಕೊಡುವುದು ಒಂದು, ಗಣಿತ ಶಿಕ್ಷಣ ಕೊಡುವುದು ಇನ್ನೊಂದು

ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ? ಎಂಟನೇ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಎಂ.ಎಸ್ಸಿ.ಯ ಬೀಜಗಣಿತ ಓದಿದ ಮೇಲೆ ಇದಕ್ಕೆ ನನ್ನಲ್ಲಿ ಗಟ್ಟಿ ಉತ್ತರವಿತ್ತು. (−1) ಅನ್ನು (1 + (−1)) ಇಂದ ಗುಣಿಸಿದರೆ ಸೊನ್ನೆ ಬರಲೇಬೇಕು. ವಿಭಾಜಕ ನಿಯಮದಂತೆ ಬಿಡಿಸಿದರೆ −1 ಮತ್ತು (−1)×(−1) ಎರಡರ ಮೊತ್ತ ಸೊನ್ನೆ. ಅಂದಮೇಲೆ (−1)×(−1) ಎಂಬುದು 1 ಆಗದೆ ಬೇರೆ ದಾರಿಯಿಲ್ಲ. ಅದು ನಿಯಮವೆಂದು ಹೇಳಿದ್ದಲ್ಲ, ಉಳಿದ ನಿಯಮಗಳು ಕೂಡಿ ಒತ್ತಾಯಿಸಿದ್ದು ಎಂಬ ಅರಿವು ನನಗೆ ಕೊಟ್ಟ ಧೈರ್ಯ ದೊಡ್ಡದು. ಪ್ರಶ್ನೆ ಕೇಳಿದ ಮಗುವನ್ನು "ಅದು ಹಾಗೇ" ಎಂದು ಕೂರಿಸುವ ಅಗತ್ಯ ಬೀಳುವುದಿಲ್ಲ.

ಆದರೆ ಈ ಸಾಧನೆಯನ್ನು (ಪ್ರೂಫ್ ಅನ್ನು) ಎಂಟನೇ ತರಗತಿಯ ಬೋರ್ಡಿನ ಮೇಲೆ ಹಾಗೆಯೇ ಬರೆದರೆ ಅರ್ಧ ತರಗತಿ ಕೈಬಿಟ್ಟುಹೋಗುತ್ತದೆ. ಅಲ್ಲಿ ಮೊದಲು ಬರೆಯಬೇಕಾದದ್ದು 2×(−3), 1×(−3), 0×(−3) ಎಂಬ ಸರಣಿ: −6, −3, 0. ಪ್ರತಿ ಹೆಜ್ಜೆಗೂ ಮೂರು ಏರುತ್ತಿದೆ ಎಂಬುದನ್ನು ಮಕ್ಕಳೇ ಕಂಡುಕೊಂಡ ಮೇಲೆ "(−1)×(−3) ಏನಿರಬೇಕು?" ಎಂದು ಕೇಳಬೇಕು. ಯಾವ ಮಗುವಿಗೆ ಸರಣಿ ಸಾಕು, ಯಾವ ಮಗುವಿಗೆ ಮೇಲಿನ ಸಾಧನೆ ಕೊಡಬಹುದು, ಸಾಲ-ಲಾಭದ ಕಥೆ ಎಲ್ಲಿಯವರೆಗೆ ನಡೆದು ಎಲ್ಲಿ ಮುರಿಯುತ್ತದೆ ಎಂಬ ತಿಳಿವಳಿಕೆ ಗಣಿತದ ಒಳಗಿನದೇ, ಆದರೆ ಎಂ.ಎಸ್ಸಿ.ಯ ಪಠ್ಯಕ್ರಮದಲ್ಲಿ ಇಲ್ಲದ್ದು. ಲೀ ಶುಲ್ಮನ್ ಎಂಬ ಶಿಕ್ಷಣ ತಜ್ಞರು 1986ರಲ್ಲಿ ಈ ಜ್ಞಾನಕ್ಕೆ ಒಂದು ಪ್ರತ್ಯೇಕ ಸ್ಥಾನ ಕೊಟ್ಟರು: ವಿಷಯ ಗೊತ್ತಿರುವುದು, ಕಲಿಸಲು ಗೊತ್ತಿರುವುದು ಎರಡೂ ಕೂಡುವ ಜಾಗದಲ್ಲಿ ಶಿಕ್ಷಕರಿಗೇ ವಿಶಿಷ್ಟವಾದ ಇನ್ನೊಂದು ಜ್ಞಾನವಿದೆ ಎಂದು.

ಇದು ಬರಿಯ ಅಭಿಪ್ರಾಯವಲ್ಲ. ಅಮೆರಿಕದ ಪ್ರೌಢಶಾಲೆಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಶಿಕ್ಷಕರು ಪದವಿಯಲ್ಲಿ ಓದಿದ ಗಣಿತ ಪತ್ರಿಕೆಗಳು ಒಂದು ಮಟ್ಟದವರೆಗೆ ಮಕ್ಕಳ ಕಲಿಕೆಗೆ ನೆರವಾಗುತ್ತವೆ, ಆಮೇಲೆ ಲಾಭ ಕುಗ್ಗುತ್ತದೆ, ಗಣಿತ ಬೋಧನೆಯ ಪತ್ರಿಕೆಗಳ ಪರಿಣಾಮ ಅದಕ್ಕಿಂತ ಹೆಚ್ಚು ಎಂದು ಕಂಡುಕೊಂಡಿತು.

ನಮ್ಮ ದೇಶದ ತೊಂದರೆಯೆಂದರೆ "ಗಣಿತ ಶಿಕ್ಷಣ" ಎಂಬ ಹೆಸರಿನಲ್ಲೇ ಸ್ನಾತಕೋತ್ತರ ಪದವಿ ಸಿಗುವುದು ಅಪರೂಪ. ಅದನ್ನು ನಾವೇ ಕಟ್ಟಿಕೊಳ್ಳಬೇಕು. ಎಂ.ಎಸ್ಸಿ.ಯಿಂದ ಗಣಿತ, ಎಂ.ಎಡ್.ನಿಂದ ಸಂಶೋಧನಾ ವಿಧಾನ ಮತ್ತು ಶಿಕ್ಷಣ ಚಿಂತನೆ, ಎಂ.ಎಡ್.ನಲ್ಲಿ ಬರೆಯುವ ಲಘು ಪ್ರಬಂಧದಿಂದ (ಡಿಸರ್ಟೇಶನ್) ಇವೆರಡರ ಸೇತುವೆ. ಮೂರನೆಯದನ್ನು ಕಡೆಗಣಿಸಿದರೆ ಮೊದಲೆರಡು ಬೇರೆ ಬೇರೆ ದಂಡೆಗಳಾಗಿಯೇ ಉಳಿಯುತ್ತವೆ.

ಎಲ್ಲಿ ಓದುವುದು

ಕಾಲೇಜಿಗೆ ಹೋಗಿ ಶುಲ್ಕ ಕೇಳುವ ಮುಂಚೆ ಇವನ್ನು ಕೇಳಿ. ಎಂ.ಎಡ್.ನಲ್ಲಿ ಗಣಿತ ಬೋಧನೆಗೆ ಸಂಬಂಧಿಸಿದ ಪತ್ರಿಕೆ ಇದೆಯೇ, ಅದನ್ನು ಕಲಿಸುವವರು ಗಣಿತ ಓದಿದವರೇ? ಕಳೆದ ವರ್ಷಗಳ ಲಘು ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ನೋಡಬಹುದೇ? ಈ ಕಡೆಯ ಪ್ರಶ್ನೆ ಬಹಳ ಮುಖ್ಯ. ಆ ಪ್ರಬಂಧಗಳ ಬೆನ್ನುಪಟ್ಟಿ ನೋಡಿದರೆ ಸಾಕು, ಅಲ್ಲಿ ಯಾವ ಬಗೆಯ ಯೋಚನೆಗೆ ಜಾಗವಿದೆ ಎಂಬುದು ತಿಳಿಯುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಯ ಅಂಗ, 1963ರಲ್ಲಿ ಶುರುವಾದದ್ದು. ಪಿಯುಸಿ ನಂತರ ಆರು ವರ್ಷ ಗಣಿತವನ್ನೂ ಶಿಕ್ಷಣವನ್ನೂ ಒಟ್ಟಿಗೆ ಓದುವ ಎಂ.ಎಸ್ಸಿ.ಎಡ್. ಕೋರ್ಸನ್ನು ಅದು ನಡೆಸುತ್ತ ಬಂದಿದೆ, ಎಂ.ಎಡ್. ಕೂಡ ಅಲ್ಲಿದೆ. ಆರು ವರ್ಷದ ಕೋರ್ಸ್ ನಮಗಲ್ಲ, ಆದರೆ ನಿಮ್ಮ ಶಾಲೆಯಿಂದ ಪಿಯುಗೆ ಹೋದ, ಟೀಚರ್ ಆಗಬೇಕೆನ್ನುವ ಹುಡುಗಿಗೆ ಆ ಪ್ರವೇಶ ಪರೀಕ್ಷೆಯ ಸುದ್ದಿ ಮುಟ್ಟಿಸಿ. ಹಳ್ಳಿ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಎಂ.ಎ. ಇದೆ, ಎರಡು ವರ್ಷ ಪೂರ್ಣಾವಧಿ. ಪಠ್ಯಕ್ರಮ, ಪಠ್ಯಪುಸ್ತಕ ರಚನೆ, ಶಿಕ್ಷಕರ ತರಬೇತಿ, ಸ್ವಯಂಸೇವಾ ಸಂಸ್ಥೆಗಳ ಕೆಲಸ ಇವುಗಳತ್ತ ಹೋಗುವ ಮನಸ್ಸಿದ್ದರೆ ಒಳ್ಳೆಯ ಜಾಗ. ಕುಟುಂಬದ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುವ ವ್ಯವಸ್ಥೆಯೂ ಅಲ್ಲಿದೆ. ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನೆಯ ಉಪನ್ಯಾಸಕರಾಗುವುದೇ ಗುರಿಯಾದರೆ ಮಾತ್ರ ಮೇಲೆ ಹೇಳಿದ ನಿಯಮ ನೆನಪಿರಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಲೇಖನಗಳ ಹೆದರಿಕೆ ಇರುತ್ತದೆ. ಕೋರ್ಸ್ ಶುರುವಾಗುವ ಮುಂಚಿನ ಬೇಸಿಗೆಯಲ್ಲೇ ಓದು ಆರಂಭಿಸಿ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು (ಎನ್‌ಸಿಎಫ್) 2005ರ ಜೊತೆಗೆ ಎನ್‌ಸಿಇಆರ್‌ಟಿ ಗಣಿತ ಬೋಧನೆಯ ಬಗ್ಗೆ ಒಂದು ನೆಲೆಪತ್ರ (ಪೊಸಿಷನ್ ಪೇಪರ್) ತಂದಿತು, ಉಚಿತವಾಗಿ ಸಿಗುತ್ತದೆ. ಗಣಿತ ಶಿಕ್ಷಣದ ಮುಖ್ಯ ಗುರಿ ಮಗುವಿನ ಯೋಚನೆಯನ್ನೇ ಗಣಿತದ ದಾರಿಗೆ ತರುವುದು, ಲೆಕ್ಕ ಮಾಡುವ ಕೌಶಲ ಅದಕ್ಕಿಂತ ಕಿರಿದಾದ ಗುರಿ ಎಂದು ಅದು ವಾದಿಸುತ್ತದೆ. ಚಿಕ್ಕದು, ತಿಳಿಯಾಗಿದೆ. ಅದು ಮುಗಿದ ಮೇಲೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶಾಲಾ ಗಣಿತ ಪತ್ರಿಕೆ 'ಅಟ್ ರೈಟ್ ಆಂಗಲ್ಸ್'ನ ಲೇಖನಗಳಿಗೆ ಕೈಹಾಕಿ. ಒಂದು ಲೇಖನ ಓದಿದ ದಿನ ಅದರ ಸಾರವನ್ನು ಕನ್ನಡದಲ್ಲಿ ಅರ್ಧ ಪುಟ ಬರೆಯುವ ಅಭ್ಯಾಸ ಮಾಡಿಕೊಂಡರೆ ತರಗತಿ ಶುರುವಾಗುವ ಹೊತ್ತಿಗೆ ಹೆದರಿಕೆ ಹೋಗಿರುತ್ತದೆ.

ಅನುಮತಿ ಮತ್ತು ರಜೆ

ಸರ್ಕಾರಿ ಶಿಕ್ಷಕರು ಪ್ರವೇಶ ಪಡೆಯುವ ಮುಂಚೆ ಅನುಮತಿ ಪಡೆಯಬೇಕು, ದೂರಶಿಕ್ಷಣವಾದರೂ ಸರಿ. ಅರ್ಜಿ ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲಿಂದ ಮೇಲಕ್ಕೆ ಹೋಗಲಿ. ಪ್ರತಿ ಹಂತದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಒಂದು ಪ್ರತಿ ನಿಮ್ಮ ಬಳಿ ಇರಲಿ. ಪದವಿ ಮುಗಿದ ಮೇಲೆ ಅದನ್ನು ಸೇವಾ ವಹಿಯಲ್ಲಿ ನಮೂದು ಮಾಡಿಸಿ, ನಮೂದಾದದ್ದನ್ನು ಕಣ್ಣಾರೆ ನೋಡಿ. ಬಡ್ತಿಯ ಪಟ್ಟಿ ತಯಾರಾಗುವಾಗ ಓದಿಗಿಂತ ಮೊದಲು ಕೇಳುವುದು ಆ ನಮೂದನ್ನು.

ಎಂ.ಎಡ್. 2015ರಿಂದ ಎರಡು ವರ್ಷದ ಕೋರ್ಸ್ ಆಗಿದೆ. ಅಷ್ಟು ಕಾಲಕ್ಕೆ ಯಾವ ರಜೆ ಸಿಗುತ್ತದೆ, ವೇತನರಹಿತ ರಜೆಯಾದರೆ ವಾರ್ಷಿಕ ವೇತನ ಬಡ್ತಿ, ಜ್ಯೇಷ್ಠತೆ, ಪಿಂಚಣಿಗೆ ಎಣಿಸುವ ಸೇವೆ ಇವುಗಳ ಮೇಲೆ ಏನು ಪರಿಣಾಮ ಎಂಬುದನ್ನು ಕಚೇರಿಯ ವಿಷಯ ನಿರ್ವಾಹಕರ ಬಾಯಿಮಾತಿನಲ್ಲಿ ಬಿಡದೆ ಆದೇಶದಲ್ಲೇ ಬರೆಯಿಸಿಕೊಳ್ಳಿ. ಇಲಾಖೆಯಿಂದ ನಿಯೋಜನೆಯ ಮೇಲೆ ಓದಲು ಹೋಗುವ ಅವಕಾಶದ ಸುತ್ತೋಲೆ ಬಂದಾಗ ಕೊನೆಯ ದಿನಾಂಕ ಹತ್ತಿರವಿರುತ್ತದೆ, ಹಾಗಾಗಿ ಅಂಕಪಟ್ಟಿಗಳ ದೃಢೀಕೃತ ಪ್ರತಿ, ನೇಮಕಾತಿ ಆದೇಶ, ಪರಿವೀಕ್ಷಣಾ ಅವಧಿ ಮುಗಿದ ಆದೇಶ ಒಂದೇ ಫೈಲಿನಲ್ಲಿ ತಯಾರಿರಲಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮನೆಯಲ್ಲಿ "ಕೆಲಸ ಇದೆಯಲ್ಲ, ಇನ್ನೂ ಯಾಕೆ ಓದು" ಎಂಬ ಮಾತು ಬಂದೇ ಬರುತ್ತದೆ. ಆ ಹೊತ್ತಿಗೆ ಪ್ರೌಢಶಾಲೆಯ ವೇತನ ಶ್ರೇಣಿ ಮತ್ತು ನೀವು ನೋಡುತ್ತಿರುವ ಹುದ್ದೆಯ ವೇತನ ಶ್ರೇಣಿ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಅತ್ತೆ ಮಾವನ ಮುಂದಿಡಿ. ಸಂಬಳದ ಅಂಕಿ ಕಂಡ ಮೇಲೆ ಮನೆಯ ಮಾತಿನ ಧಾಟಿ ಬದಲಾಗುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಲಘು ಪ್ರಬಂಧ: ಇಡೀ ಓದಿನ ತಿರುಳು

"ಹತ್ತನೇ ತರಗತಿ ವಿದ್ಯಾರ್ಥಿಗಳ ಗಣಿತ ಸಾಧನೆಯ ಮೇಲೆ ಪಾಲಕರ ಸಾಮಾಜಿಕ-ಆರ್ಥಿಕ ಸ್ಥಿತಿಯ ಪರಿಣಾಮ." ಇಂಥ ಶೀರ್ಷಿಕೆಗಳು ಕಪಾಟುಗಳ ತುಂಬ ಇವೆ. ಪ್ರಶ್ನಾವಳಿ ಹಂಚಿ, ಅಂಕ ಕೂಡಿಸಿ, ಟಿ-ಪರೀಕ್ಷೆ ಎಂಬ ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿದರೆ ಮುಗಿಯಿತು. ಸುಲಭವಾಗಿ ಪಾಸಾಗುತ್ತದೆ. ಆದರೆ ಶಾಲೆಗೆ ಮರಳಿದ ಮೇಲೆ ಅದರಿಂದ ನಿಮ್ಮ ಒಂದು ಪಾಠವೂ ಬದಲಾಗುವುದಿಲ್ಲ. ವಿಷಯ ಚಿಕ್ಕದಿರಲಿ, ಮಗುವಿನ ಯೋಚನೆಗೆ ಹತ್ತಿರವಿರಲಿ. ನನ್ನದು ದಶಮಾಂಶ ಬಿಂದು: ಏಳು, ಎಂಟನೇ ತರಗತಿಯ ಮಕ್ಕಳು ಅದನ್ನು ಏನೆಂದು ಓದುತ್ತಾರೆ ಎಂಬುದು.

ಮಾಡಿದ ಕ್ರಮ ಹೇಳುತ್ತೇನೆ, ಯಾವ ವಿಷಯಕ್ಕೂ ಹೊಂದುತ್ತದೆ. ಮೊದಲು ಒಂದು ಸಣ್ಣ ಪ್ರಶ್ನೆಪತ್ರಿಕೆ. 4.10, 4.9 ಇವುಗಳಲ್ಲಿ ಯಾವುದು ದೊಡ್ಡದು, 2.3 ಮತ್ತು 2.4ರ ನಡುವೆ ಒಂದು ಸಂಖ್ಯೆ ಬರೆ, 3.4 + 2.5 ಎಷ್ಟು. ಹೀಗೆ ಒಂದೊಂದು ಪ್ರಶ್ನೆಯೂ ಒಂದೊಂದು ಬಗೆಯ ತಪ್ಪನ್ನು ಹೊರಗೆ ತರುವಂತಿರಬೇಕು. ಉತ್ತರಗಳನ್ನು ಸರಿ-ತಪ್ಪು ಎಂದು ವಿಂಗಡಿಸದೆ, ಒಂದೇ ಬಗೆಯ ಉತ್ತರಗಳನ್ನು ಒಂದು ಗುಂಪಿಗೆ ಹಾಕಿ. ಪ್ರತಿ ಗುಂಪಿನಿಂದ ಒಬ್ಬಿಬ್ಬರನ್ನು ಆರಿಸಿ, ಪಾಲಕರ ಒಪ್ಪಿಗೆ ಪಡೆದು, ಒಬ್ಬೊಬ್ಬರ ಜೊತೆ ಮಾತಾಡಿ. ಮಾತು ಧ್ವನಿಮುದ್ರಣವಾಗಲಿ. ಆ ಮಾತುಕತೆಯಲ್ಲಿ ಕಲಿಸಬಾರದು, ತಿದ್ದಬಾರದು. ಶಿಕ್ಷಕರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. "ಹೆಂಗ್ ಮಾಡಿದಿ, ಹೇಳು" ಎಂದು ಕೇಳಿ ಸುಮ್ಮನಿರಬೇಕು.

ಎಂಟನೇ ತರಗತಿಯ ಒಬ್ಬ ಹುಡುಗ 3.4 + 2.5 = 6.3 ಎಂದು ಬರೆದಿದ್ದ. ಬೇರೆ ಯಾರೂ ಆ ಉತ್ತರ ಬರೆದಿರಲಿಲ್ಲ. ಅವಸರದ ತಪ್ಪು ಎಂದು ಪಕ್ಕಕ್ಕಿಡುವಂತಿತ್ತು. ಕೂರಿಸಿ ಕೇಳಿದೆ.

"ಅಕ್ಕೋರ, ನಾಕಕ್ಕ ಐದ ಕೂಡ್ಸಿದ್ರ ಒಂಬತ್ತ ಬಾಲ್ ಆತು. ಆರ ಬಾಲಿಗೆ ಒಂದ ಓವರ್ ಹೋತು, ಮೂರ ಬಾಲ್ ಉಳದ್ವು. ಮೂರೂ ಎರಡೂ ಐದ ಓವರ್, ಮತ್ತ ಈ ಒಂದು. ಆರ ಓವರ್ ಮೂರ ಬಾಲ್."

ಅವನ ಲೆಕ್ಕದಲ್ಲಿ ಒಂದು ಕಡೆಯೂ ತಪ್ಪಿಲ್ಲ. ಟಿವಿಯ ಸ್ಕೋರಿನಲ್ಲಿ, ಊರಿನ ಮೈದಾನದ ಸ್ಕೋರ್ ಪುಸ್ತಕದಲ್ಲಿ ಅವನು ದಿನಾ ನೋಡುವ ಚುಕ್ಕಿ ಆರಕ್ಕೆ ಕಟ್ಟುವ ಚುಕ್ಕಿ. ಆರಕ್ಕೆ ದಶಕ ಕೂಡಿಸಿಕೊಂಡು ಅವನು ಅಚ್ಚುಕಟ್ಟಾಗಿ ಸಂಕಲನ ಮಾಡಿದ್ದ, ಹತ್ತರ ಬದಲು ಆರರ ಪದ್ಧತಿಯಲ್ಲಿ. "ಹಂಗಾರ 4.7 ಓವರ್ ಅಂತ ಇರ್ತದೇನು?" ಎಂದು ಕೇಳಿದೆ. "ಇರೂದಿಲ್ರೀ." "ಮತ್ತ 4.7 ಮೀಟರ್ ಬಟ್ಟಿ?" ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಬಟ್ಟಿಗೆ ಬಾಲ್ ಇಲ್ಲಲ್ರೀ, ಅದು ಬ್ಯಾರೆ ಚುಕ್ಕಿ" ಎಂದ.

ಆ ಒಂದು ಮಾತಿನಿಂದ ನನ್ನ ಮುಂದಿನ ವರ್ಷಗಳ ದಶಮಾಂಶ ಪಾಠ ಬದಲಾಯಿತು. ಈಗ ನಾನು ಪಾಠವನ್ನು ಓವರಿನಿಂದಲೇ ಶುರು ಮಾಡುತ್ತೇನೆ. ಓವರಿನ ಚುಕ್ಕಿ, ಮೀಟರಿನ ಚುಕ್ಕಿ, ರೂಪಾಯಿಯ ಚುಕ್ಕಿ ಮೂರನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು, ಚುಕ್ಕಿಯ ನಂತರದ ಅಂಕಿ ಎಷ್ಟಾದರೆ ಎಡಗಡೆಗೆ ಒಂದು ಹೋಗುತ್ತದೆ ಎಂದು ಮಕ್ಕಳನ್ನೇ ಕೇಳುತ್ತೇನೆ. ಓವರಿಗೆ ಆರು. ಮೀಟರಿಗೆ ಹತ್ತು. ರೂಪಾಯಿಯಲ್ಲಿ ಗೊಂದಲ ಏಳುತ್ತದೆ, ಅಲ್ಲಿ ಪೈಸೆ ಎರಡು ಅಂಕಿಯಲ್ಲಿ ಬರುವುದರಿಂದ ನೂರು ಎನ್ನುವವರಿರುತ್ತಾರೆ. 4.10 ದೊಡ್ಡದು, 4.9 ಸಣ್ಣದು ಎನ್ನುವ ಮಕ್ಕಳಲ್ಲಿ ಕೆಲವರ ಮನಸ್ಸಿನಲ್ಲಿ ಹತ್ತು ಪೈಸೆ, ಒಂಬತ್ತು ಪೈಸೆ ಇರುತ್ತದೆ ಎಂಬುದು ಆಗ ಬಯಲಾಗುತ್ತದೆ. ಸ್ಥಾನಬೆಲೆಯ ಚರ್ಚೆ ಅಲ್ಲಿಂದ ತಾನಾಗಿ ಹುಟ್ಟುತ್ತದೆ.

ದಶಮಾಂಶ ಬೇಡವೆನ್ನುವವರಿಗೆ ಇನ್ನೊಂದು ವಿಷಯ: ಸಮ ಚಿಹ್ನೆ. 8 + 4 = □ + 5 ಎಂದು ಬರೆದು ಚೌಕದಲ್ಲಿ ಏನಿರಬೇಕೆಂದು ಕೇಳಿ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರನೇ ತರಗತಿಯ ಮಕ್ಕಳೂ ಬಹುಪಾಲು 12 ಅಥವಾ 17 ಎಂದರು. ಅವರಿಗೆ ಆ ಚಿಹ್ನೆ "ಈಗ ಉತ್ತರ ಬರೆ" ಎಂಬ ಆಜ್ಞೆಯಾಗಿತ್ತು, ಎರಡೂ ಕಡೆ ಸಮ ಎಂಬ ಹೇಳಿಕೆಯಾಗಿರಲಿಲ್ಲ. ಒಂಬತ್ತನೇ ತರಗತಿಯ ಸಮೀಕರಣ ಮಕ್ಕಳಿಗೆ ಯಾಕೆ ಕಬ್ಬಿಣದ ಕಡಲೆಯಾಗುತ್ತದೆ ಎಂಬುದರ ಬೇರು ಎಲ್ಲಿದೆ ಎಂದು ಹುಡುಕುವವರಿಗೆ ಇದು ಒಳ್ಳೆಯ ಆರಂಭ. ನಮ್ಮ ಮಕ್ಕಳು ಏನು ಬರೆಯುತ್ತಾರೆ ಎಂಬುದನ್ನು ನಿಮ್ಮ ಪ್ರಬಂಧ ಹೇಳಲಿ.

ಮಾರ್ಗದರ್ಶಕರು "ಸ್ಯಾಂಪಲ್ ಸಾಲದು, ನೂರು ಮಕ್ಕಳಿರಲಿ" ಎನ್ನಬಹುದು. ಪ್ರಶ್ನೆಪತ್ರಿಕೆಯನ್ನು ನೂರು ಮಕ್ಕಳಿಗೆ ಕೊಡಿ, ಆದರೆ ಕೂತು ಮಾತಾಡುವ ಭಾಗವನ್ನು ಬಿಟ್ಟುಕೊಡಬೇಡಿ. ಗುಣಾತ್ಮಕ ಸಂಶೋಧನೆಗೆ ಮಾನ್ಯ ವಿಧಾನಗಳಿವೆ, ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ನೀವೇ ಅವನ್ನು ಓದಿರುತ್ತೀರಿ. ಅದನ್ನು ಆಧಾರವಾಗಿಟ್ಟು ವಿನಯದಿಂದ ಹಠ ಹಿಡಿಯಿರಿ.

ಪದವಿ ಕೈಗೆ ಬಂದ ಮೇಲೆ

"ಎಂ.ಎಡ್. ಮಾಡಿ ಏನ್ ಸಿಕ್ತು?" ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನನ್ನ ಜೊತೆ ಓದಿದವರಲ್ಲಿ ಒಬ್ಬರು ಬಿ.ಎಡ್. ಕಾಲೇಜಿನಲ್ಲಿದ್ದಾರೆ, ಇನ್ನೊಬ್ಬರು ಪಠ್ಯ ತಯಾರಿಸುವ ಒಂದು ಸಂಸ್ಥೆಯಲ್ಲಿ, ಎಂ.ಎಸ್ಸಿ. ಗೆಳತಿ ಪಿಯುಗೆ ಬಡ್ತಿ ಪಡೆದಳು. ನಾನು ಪ್ರೌಢಶಾಲೆಯಲ್ಲೇ ಇದ್ದೇನೆ, ಇರಬೇಕೆಂದೇ ಇದ್ದೇನೆ. ಹುದ್ದೆಯ ಹೆಸರು ಬದಲಾಗದೆಯೂ ಕೆಲಸದ ಹರವು ಹಿಗ್ಗುತ್ತದೆ, ಆದರೆ ಅದು ತಾನಾಗಿ ಆಗುವುದಿಲ್ಲ, ಕೈಚಾಚಿ ಪಡೆಯಬೇಕು.

ಮೊದಲ ಹೆಜ್ಜೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ. ನಿಮ್ಮ ಪ್ರಬಂಧದ ಇಡೀ ಕಥೆ ಹೇಳಬೇಡಿ. ಒಂದು ಮಗುವಿನ ಒಂದು ಉತ್ತರವನ್ನು ಬೋರ್ಡಿನ ಮೇಲೆ ಬರೆದು "ಈ ಮಗು ಹೇಗೆ ಯೋಚಿಸಿರಬಹುದು?" ಎಂದು ಕೇಳಿ, ಶಿಕ್ಷಕರನ್ನು ಮಾತಾಡಲು ಬಿಡಿ. 6.3ರ ಲೆಕ್ಕ ಇಟ್ಟ ಸಭೆಯಲ್ಲಿ ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅದನ್ನು ಬ್ಲಾಕ್ ಸಂಪನ್ಮೂಲ ವ್ಯಕ್ತಿಗೆ (ಬಿಆರ್‌ಪಿ) ಹೇಳುತ್ತಾರೆ, ಅಲ್ಲಿಂದ ಡಯಟ್‌ನಿಂದ ಕರೆ ಬರುತ್ತದೆ. ತರಬೇತಿಗೆ ಕರೆದಾಗ ಪಿಪಿಟಿ ಒಯ್ಯಬೇಡಿ, ಮಕ್ಕಳ ಉತ್ತರ ಪತ್ರಿಕೆಗಳ ನೆರಳಚ್ಚು ಒಯ್ಯಿರಿ, ಮಗುವಿನ ಹೆಸರು ಅಳಿಸಿ. ನಾಲ್ಕು, ಐದನೇ ತರಗತಿಯ ಶಿಕ್ಷಕರ ಬಳಿ ಗಣಿತ ಕಲಿಕಾ ಆಂದೋಲನದ ಕಿಟ್ ಇದ್ದರೆ ಅದರ ಸಾಮಗ್ರಿಯನ್ನೇ ಬಳಸಿ. ಹೊಸ ಸಾಮಾನು ಹೊತ್ತುಕೊಂಡು ಹೋದರೆ ತರಬೇತಿ ಮುಗಿದ ಮರುದಿನ ಅದು ಕಪಾಟು ಸೇರುತ್ತದೆ.

ಎರಡನೆಯದು ಬರವಣಿಗೆ. ಮಾಡಿದ ಪಾಠ, ಮಕ್ಕಳು ಆಡಿದ ಮಾತು, ಬದಲಾಯಿಸಿದ ಪ್ರಶ್ನೆ ಇವನ್ನು ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಇಡಿ. ಪಠ್ಯಪುಸ್ತಕ ಪರಿಷ್ಕರಣೆಗೆ, ಪ್ರಶ್ನೆಕೋಶ ತಯಾರಿಗೆ, ಬೋಧನಾ ಸಾಹಿತ್ಯಕ್ಕೆ ಶಿಕ್ಷಕರನ್ನು ಹುಡುಕುವಾಗ ಅನುಭವದ ವರ್ಷಗಳನ್ನು ಎಲ್ಲರೂ ಹೇಳುತ್ತಾರೆ, ಬರೆದಿಟ್ಟ ಪುಸ್ತಕ ತೋರಿಸುವವರು ಕಡಿಮೆ.

ಮೂರನೆಯದು ಪಿಎಚ್.ಡಿ. ಎಲ್ಲರಿಗೂ ಬೇಕಿಲ್ಲ. ಆದರೆ ಪ್ರಬಂಧ ಮುಗಿದ ಮೇಲೂ ಪ್ರಶ್ನೆ ಬಿಡದಿದ್ದರೆ ಮುಂಬೈ ಮಾನಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಪ್ರಕಟಣೆ ನೋಡಿ. 1974ರಲ್ಲಿ ಶುರುವಾದ ಅದು ಟಿಐಎಫ್‌ಆರ್ ಎಂಬ ಮೂಲವಿಜ್ಞಾನ ಸಂಶೋಧನಾ ಸಂಸ್ಥೆಯ ಅಂಗ, ವಿಜ್ಞಾನ ಮತ್ತು ಗಣಿತ ಶಿಕ್ಷಣದಲ್ಲೇ ಪಿಎಚ್.ಡಿ. ಕೊಡುತ್ತದೆ, ಶಿಷ್ಯವೇತನವೂ ಇದೆ. ಮಕ್ಕಳು ಅಂಕಗಣಿತದಿಂದ ಬೀಜಗಣಿತಕ್ಕೆ ಹೇಗೆ ದಾಟುತ್ತಾರೆ, ಭಿನ್ನರಾಶಿಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದರ ಮೇಲೆ ಅಲ್ಲಿ ಬಹಳ ಕೆಲಸವಾಗಿದೆ. ನಮ್ಮ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲೂ ಪಿಎಚ್.ಡಿ. ಮಾಡಬಹುದು, ಮಾರ್ಗದರ್ಶಕರು ಗಣಿತದ ಮೇಲೆ ಕೆಲಸ ಮಾಡಿದವರೇ ಎಂದು ನೋಡಿಕೊಂಡು. ಅರ್ಜಿಯ ಜೊತೆ ಕೇಳುವ ಸಂಶೋಧನಾ ಪ್ರಸ್ತಾವನೆಯನ್ನು ಅಂತರಜಾಲದ ಮಾದರಿ ನೋಡಿ ತುಂಬಬೇಡಿ. ನಿಮ್ಮ ತರಗತಿಯ ಒಂದು ಮಗು ಹೇಳಿದ ಒಂದು ವಾಕ್ಯದಿಂದ ಅದು ಶುರುವಾಗಲಿ, ಆ ವಾಕ್ಯ ನಿಮಗೆ ಏಕೆ ಅರ್ಥವಾಗಲಿಲ್ಲ ಎಂಬುದು ಎರಡನೆಯ ಪ್ಯಾರಾ ಆಗಲಿ, ಅದನ್ನು ತಿಳಿಯಲು ಯಾರ ಬಳಿ ಏನು ಕೇಳುತ್ತೀರಿ ಎಂಬುದು ಮೂರನೆಯದು.